ಎಡಗಡೆಯ ಆಕ್ಸಲ್

ಅಣ್ಣನ ಕೈಬೆರಳುಗಳು ಸೋಲತೊಡಗಿದಾಗ ಅವನಿಗೆ ಮೊದಲು ಚಿಂತೆ ಹತ್ತಿದ್ದು ಕಾರಿನದು. ಹೇಳಿದರೆ ನೆಂಟರು ನಗುತ್ತಾರೆ, ಆದರೆ ಅವನು ಇದ್ದದ್ದೇ ಹಾಗೆ. ನರಗಳು ಒಂದೊಂದಾಗಿ ಸಾಯುತ್ತವೆ, ಮೊದಲು ಕೈ, ಆಮೇಲೆ ಕಾಲು, ಕೊನೆಗೆ ನುಂಗುವುದೂ ಕಷ್ಟ, ಇದನ್ನು ವಾಸಿಮಾಡುವ ಔಷಧಿಯಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತೆ. ಅವನು ಆಟೋದಲ್ಲಿ ವಾಪಸ್ಸು ಬರುವಾಗ, "ಕೈ ಇರೋವಾಗ್ಲೇ ಆ ಆಕ್ಸಲ್ ಎರಡೂ ಹಾಕ್ಬಿಡ್ಬೇಕು ಕಣೇ," ಎಂದ.

ವಿಜಯನಗರದ ತವರುಮನೆಯ ಪೋರ್ಟಿಕೋದಲ್ಲಿ ಆ ಹಳೆಯ ಕಾರು ವರ್ಷಗಟ್ಟಲೆ ಕದಲದೆ ನಿಂತಿತ್ತು. ಬ್ಯಾಂಕಿನಿಂದ ಬಂದವನೇ ಹಳೇ ಲುಂಗಿ ಸುತ್ತಿಕೊಂಡು ಅದರಡಿ ತೂರಿಕೊಳ್ಳುತ್ತಿದ್ದ. ಮದುವೆ ಮಾಡಿಕೊಳ್ಳಲಿಲ್ಲ. ಇವನಿಗೆ ಕಾರೇ ಹೆಂಡತಿ ಎಂದು ರೇಗಿಸುತ್ತಿದ್ದೆ. ಇಂಜಿನ್, ಬ್ರೇಕ್, ಸೀಟು, ಎಲ್ಲವನ್ನೂ ಅವನೇ ಬಿಚ್ಚಿ ಅವನೇ ಜೋಡಿಸಿದ್ದ. ಮೆಕ್ಯಾನಿಕ್ಕುಗಳನ್ನು ಗೇಟಿನೊಳಕ್ಕೆ ಬಿಟ್ಟವನಲ್ಲ. ಉಳಿದದ್ದು ಹಿಂದಿನ ಚಕ್ರಗಳನ್ನು ತಿರುಗಿಸುವ ಎರಡು ಆಕ್ಸಲ್ಲುಗಳು ಮಾತ್ರ. ಹಳೆಯವುಗಳ ಹಲ್ಲು ಸವೆದುಹೋಗಿತ್ತು. ಬದಲಿ ಜೋಡಿಯನ್ನು ಎಲ್ಲಿಂದಲೋ ಹುಡುಕಿ ತಂದು, ನಾಯಂಡಹಳ್ಳಿಯ ವರ್ಕ್‌ಶಾಪಿನಲ್ಲಿ ಬೇರಿಂಗ್ ಕೂರಿಸಿ ಇಟ್ಟುಕೊಂಡಿದ್ದ. ಇನ್ನು ಕಾರು ಓಡಿಸುವುದು ಆಗದ ಮಾತು ಎಂದು ಅವನಿಗೂ ಗೊತ್ತಿತ್ತು. ಕೊನೆಯ ನಟ್ಟನ್ನೂ ತನ್ನ ಕೈಯಾರೆ ಬಿಗಿಯಬೇಕು, ಅಷ್ಟೇ ಅವನ ಆಸೆ.

ಭಾನುವಾರ ಬಸವೇಶ್ವರನಗರದ ನನ್ನ ಮನೆಯಿಂದ ಬಂದು ನಾನೂ ಕಾರಿನಡಿ ಸೇರಿಕೊಂಡೆ. ಎದುರುಮನೆಯವರು ಕಾಂಪೌಂಡಿನಾಚೆಯಿಂದ ಇಣುಕಿ, "ಏನ್ ಮೇಡಂ, ಗ್ಯಾರೇಜ್ ಓಪನ್ ಮಾಡಿದ್ರಾ?" ಎಂದರು.

"ಹೂಂ, ನಿಮ್ ಸ್ಕೂಟರ್ನೂ ತನ್ನಿ, ಸೇರಿಸಿ ಬಿಚ್ಚಾಕ್ತೀನಿ," ಎಂದೆ. ಅಣ್ಣ ಬಹಳ ದಿನಗಳ ನಂತರ ಗಟ್ಟಿಯಾಗಿ ನಕ್ಕ.

ಆಕ್ಸಲ್ಲುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದೆ. ಚಕ್ರದ ಕಡೆಗೆ ಆಯಿಲ್ ಸೋರದಂತೆ ಒಳಗೊಂದು ರಬ್ಬರ್ ಸೀಲ್ ಇರುತ್ತದೆ. ಅದಕ್ಕೆ ತಾಗುವ ಜಾಗಕ್ಕೆ ಅಣ್ಣ ಗ್ರೀಸ್ ಸವರಿದ. ಇನ್ನೇನು ಎತ್ತಬೇಕು, ಅಷ್ಟರಲ್ಲಿ ಅಮ್ಮ ಪೂಜೆಯ ತಟ್ಟೆ ಹಿಡಿದು ಬಂದಳು. ನಮ್ಮ ಮನೆಯಲ್ಲಿ ಮಿಕ್ಸಿಯಿಂದ ಹಿಡಿದು ನೀರಿನ ಫಿಲ್ಟರಿನವರೆಗೆ ಪೂಜೆಯಾಗದೆ ಯಾವುದೂ ಬಳಕೆಗೆ ಬಂದದ್ದಿಲ್ಲ.

"ಅಮ್ಮಾ, ಗ್ರೀಸ್ ಹಚ್ಚಾಗಿದೆ. ಈಗ ಬೇಡ," ಎಂದೆ.

ಸುಮ್ಮನಿರು ಎಂದು ಅಣ್ಣ ಕಣ್ಣಲ್ಲೇ ಗದರಿದ. ಅಮ್ಮ ಎರಡಕ್ಕೂ ಅರಿಶಿನ ಕುಂಕುಮವಿಟ್ಟು, ಹೂವೇರಿಸಿ, ಕರ್ಪೂರ ಬೆಳಗಿದಳು. "ನನ್ ಮಗನ ಕೈಗೆ ಬಲ ಕೊಡಪ್ಪಾ," ಎಂದು ಗಟ್ಟಿಯಾಗಿ ಬೇಡಿಕೊಂಡು ಹಿಡಿ ತುಂಬ ಅಕ್ಷತೆ ಹಾಕಿದಳು. ಅರಿಶಿನದ ಅಕ್ಕಿಕಾಳುಗಳು ಗ್ರೀಸಿಗೆ ಮೆತ್ತಿಕೊಂಡವು.

ಮತ್ತೆ ತೊಳೆಯಬೇಕಾಗಿತ್ತು. ಆದರೆ ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಗ ತಾನೇ ಇಟ್ಟ ಕುಂಕುಮವನ್ನು ಅವಳ ಕಣ್ಣೆದುರೇ ಸೀಮೆಎಣ್ಣೆ ಬಟ್ಟೆಯಿಂದ ಒರೆಸುವುದಾದರೂ ಹೇಗೆ? ಅದೂ ಯಾರ ಕೈಗಾಗಿ ಬೇಡಿಕೊಂಡಿದ್ದು! ಅಣ್ಣ ನಡುಗುವ ಬೆರಳುಗಳಿಂದ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದ. ನಾನೂ ಕಣ್ಣಾಡಿಸಿದೆ. ಒಂದೂ ಉಳಿದಿಲ್ಲ ಎಂದುಕೊಂಡೆವು.

ಭಾರವನ್ನು ನಾನು ಹೊತ್ತೆ. ಅವನು ಮೆಲ್ಲಗೆ ತಿರುಗಿಸುತ್ತಾ ಒಳಕ್ಕೆ ನೂಕಿದ. ಹಲ್ಲು ಹಲ್ಲಿಗೆ ಕೂತಾಗ, "ಸಿಕ್ತು, ಸಿಕ್ತು!" ಎಂದು ಕೂಗಿದ. ಎರಡೂ ಬದಿಗೆ ನಾಲ್ಕು ನಾಲ್ಕು ನಟ್ಟು. ಎರಡು ಕೈಯಲ್ಲೂ ಸ್ಪ್ಯಾನರ್ ಹಿಡಿದು, ಕತ್ತಿನ ನರ ಉಬ್ಬುವಂತೆ ಎಳೆದು, ನಡುನಡುವೆ ಗೋಡೆಗೊರಗಿ ಸುಧಾರಿಸಿಕೊಂಡು, ಎಲ್ಲವನ್ನೂ ಅವನೇ ಬಿಗಿದ. ಸಂಜೆ ಸ್ಪೂನಿನಲ್ಲಿ ಉಪ್ಪಿಟ್ಟು ತಿನ್ನುವಾಗ ಅರ್ಧಕ್ಕರ್ಧ ಚೆಲ್ಲುತ್ತಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಆ ಮುಖದ ಮೇಲೆ ಅಷ್ಟು ಸಂತೋಷವನ್ನು ನಾನು ಮತ್ತೆ ನೋಡಲಿಲ್ಲ.

ಮರುದಿನವೇ ಫೋನು. "ಎಡಗಡೆ ಲೀಕ್ ಆಗ್ತಿದೆ ಕಣೇ."

ಮುಂದಿನ ಭಾನುವಾರ ಎಡಗಡೆಯದನ್ನು ಮತ್ತೆ ಬಿಚ್ಚಿದೆವು. ಬಿಚ್ಚಿದ್ದು ನಾನು. ಅವನು ಬಿಗಿದ ನಟ್ಟುಗಳು ಎಷ್ಟು ಬಿಗಿಯಾಗಿದ್ದವೆಂದರೆ, ಸ್ಪ್ಯಾನರಿಗೆ ಕಬ್ಬಿಣದ ಪೈಪು ತೂರಿಸಿ ನನ್ನ ಮೈಭಾರವನ್ನೆಲ್ಲ ಅದರ ಮೇಲೆ ಹಾಕಬೇಕಾಯಿತು. ಸೀಲಿನ ಅಂಚಿನಲ್ಲಿ ಒಂದು ಹಳದಿ ಅಕ್ಕಿಕಾಳು ಸಿಕ್ಕಿಕೊಂಡು ರಬ್ಬರನ್ನು ಹರಿದಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. "ಬೇಡ ಬೇಡ ಅಂತ ಬಡ್ಕೊಂಡೆ! ಯಾರಾದ್ರೂ ನನ್ ಮಾತ್ ಕೇಳ್ತೀರಾ?"

"ಮೆಲ್ಲಗೆ! ಒಳಗಿದಾಳೆ," ಎಂದ ಅಣ್ಣ. "ಅಮ್ಮನಿಗ್ ಮಾತ್ರ ಹೇಳ್ಬೇಡ. ಇರೋವರ್ಗೂ ಅದನ್ನೇ ಮನಸ್ಸಿಗೆ ಹಚ್ಕೊಂಡು ಕೊರಗ್ತಾಳೆ." ಕಾಳನ್ನು ಲುಂಗಿಗೆ ಒರೆಸಿ ಹಾಕಿದ.

ಹೊಸ ಸೀಲ್ ಹಾಕಿದೆ. ಆಕ್ಸಲ್ ಸಲೀಸಾಗಿ ಒಳಹೋಯಿತು. ಆದರೆ ಆ ಒಂದು ವಾರದಲ್ಲಿ ಕಾಯಿಲೆ ಸುಮ್ಮನೆ ಕೂತಿರಲಿಲ್ಲ. ಅವನ ಹೆಬ್ಬೆರಳು ಸ್ಪ್ಯಾನರನ್ನು ಹಿಡಿಯಲೇ ಇಲ್ಲ. ಅದು ಮತ್ತೆ ಮತ್ತೆ ನೆಲಕ್ಕೆ ಬಿತ್ತು. ಕೊನೆಗೆ, "ಕಟ್ಟೇ," ಎಂದ. ಹಳೆಯ ಸೀರೆಯ ಅಂಚನ್ನು ಹರಿದು ಸ್ಪ್ಯಾನರನ್ನು ಅವನ ಅಂಗೈಗೆ ಬಿಗಿದು ಕಟ್ಟಿದೆ. ತೋಳೆಲ್ಲ ನಡುಗಿತು, ಹಣೆಯಿಂದ ಬೆವರಿಳಿಯಿತು, ನಟ್ಟು ತಿರುಗಲಿಲ್ಲ. ಸ್ಪ್ಯಾನರ್ ಕಟ್ಟಿದ ಕೈಯನ್ನು ನನ್ನತ್ತ ಚಾಚಿದ.

"ಬಿಚ್ಬಿಡು. ನೀನೇ ಹಾಕು."

ನಾನು ಗಂಟು ಬಿಚ್ಚುತ್ತಿದ್ದಾಗ ಅಮ್ಮ ಕಾಫಿ ತಂದಳು. "ಹೋದ್ ವಾರ ತಾನೇ ಹಾಕಿದ್ರಲ್ಲ, ಮತ್ತ್ಯಾಕ್ ಬಿಚ್ಚಿದ್ದು?" ಎಂದು ಕೇಳಿದಳು.

ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಣ್ಣ ನನಗಿಂತ ಮೊದಲೇ ಬಾಯಿ ತೆರೆದ.

"ನಾನ್ ಸರಿಯಾಗಿ ಟೈಟ್ ಮಾಡಿರ್ಲಿಲ್ಲಮ್ಮ. ಕೈಲಿ ಶಕ್ತಿ ಸಾಲ್ಲಿಲ್ಲ. ಅದಕ್ಕೇ ಲೀಕಾಯ್ತು."

ಅಮ್ಮ ಲೋಟ ಕೆಳಗಿಟ್ಟು, ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು. "ಹೋಗ್ಲಿ ಬಿಡಪ್ಪ. ಆಗಲ್ಲ ಅಂದ್ಮೇಲೆ ಯಾಕ್ ಒದ್ದಾಡ್ತೀಯ? ಇನ್ಮೇಲೆ ನೀನ್ ಇದನ್ ಮುಟ್ಬೇಡ. ಅವಳೇ ಮಾಡ್ಲಿ."

"ಸರಿಯಮ್ಮ," ಎಂದ ಅಣ್ಣ.

ಅಮ್ಮ ಒಳಗೆ ಹೋದಳು. ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಕಾರಿನಡಿಗೆ ತೂರಿ ನಾಲ್ಕು ನಟ್ಟನ್ನೂ ನಾನೇ ಬಿಗಿದೆ. ಎಷ್ಟು ಎಳೆದರೂ ಅವನು ಬಿಗಿದಷ್ಟು ಬಿಗಿಯಲು ನನ್ನಿಂದ ಆಗಲಿಲ್ಲ.