ಒಂದು ಭಾರೀ ಶಬ್ದ

ಮೊನ್ನೆ ಬಂಕಾಪುರದ ಬ್ಯಾಟರಿ ಅಂಗಡಿಯಲ್ಲಿ ಆಸಿಡ್ಡಿನ ವಾಸನೆ ಮೂಗಿಗೆ ಬಡಿಯಿತು. ಅದು ಗಂಟಲು ಕೆರೆದು, ಕಣ್ಣಂಚಿನಲ್ಲಿ ಚುರುಕ್ಕೆನಿಸಿ, ಮನುಷ್ಯನಿಗೆ ಎದುರು ನಿಂತವರ ಮೇಲೆಲ್ಲ ಒಂದು ಗಳಿಗೆ ಸಿಟ್ಟು ಬರಿಸುವ ವಾಸನೆ. ಮಲ್ಲಿಗೆಯ ಪರಿಮಳದಿಂದ ಹಳಬರನ್ನು ನೆನೆಯುವ ಪುಣ್ಯವಂತರಿದ್ದಾರೆ. ನಾನು ನೆನೆಯಬೇಕಾದ ಆಸಾಮಿಗೆ ಮಲ್ಲಿಗೆ ಒಪ್ಪುತ್ತಿರಲಿಲ್ಲ. ಅವನ ಅಂಗಿಗಳೆಲ್ಲ ಈ ಆಸಿಡ್ಡಿನ ವಾಸನೆಯವೇ. ಹೊಟ್ಟೆಯ ಮೇಲೆ ಅದು ಸಿಡಿದು ಬಿದ್ದ ತೂತುಗಳು ಜರಡಿಯ ಹಾಗೆ ಇರುತ್ತಿದ್ದವು.

ಹಾನಗಲ್ಲಿಗೂ ಸವಣೂರಿಗೂ ನಡುವೆ, ವರದೆಗೆ ಸೇರುವ ಹಳ್ಳವೊಂದರ ದಂಡೆಯ ಊರಿನಲ್ಲಿ ನಮ್ಮದೊಂದು ಪುಟ್ಟ ರೇಡಿಯೊ ಕೇಂದ್ರ. ಎರಡು ಕೋಣೆ, ಒಂದು ಕಬ್ಬಿಣದ ಕಂಬ. ಸದ್ದು ಗುಂಯ್‌ಗುಡಬಾರದೆಂದು ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಬಡಿದಿದ್ದರು. ಮೊಟ್ಟೆ ಮುಟ್ಟದ ಮನೆತನದ ನಾನು ಆ ಟ್ರೇಗಳ ನಡುವೆ ಕುಳಿತೇ ವರ್ಷಗಟ್ಟಲೆ ಕನ್ನಡದ ಸೇವೆ ಮಾಡಿದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾಗಿದ್ದವನು ನಾನು. ಸುದ್ದಿ ಓದಲು ನಮ್ಮ ಕೇಂದ್ರಕ್ಕೆ ಅಪ್ಪಣೆ ಇರಲಿಲ್ಲವಾದ್ದರಿಂದ ನನ್ನ ಪಾಲಿಗೆ ಉಳಿದದ್ದು ಆಕಾಶ. ದಿನಕ್ಕೆರಡು ಸಲ ಹವಾಮಾನ ಓದುತ್ತಿದ್ದೆ. ಶಾಲು ಹೊದ್ದು ಓದುತ್ತಿದ್ದೆ. ರೇಡಿಯೊದಲ್ಲಿ ಶಾಲು ಕಾಣುವುದಿಲ್ಲ ಎಂದು ಮೊದಲ ದಿನವೇ ಹೇಳಿದವನು ಅವನು.

ಅವನು ಸವಣೂರಿನ ಮೈಕ್‌ಸೆಟ್ಟಿನವನು. ಮದುವೆಗಳಿಗೆ ಡಿಜೆ ಬಂದು ಅವನ ಭೋಂಗಾ ಸ್ಪೀಕರುಗಳು ಮೂಲೆ ಸೇರಿದ ಮೇಲೆ ನಮ್ಮ ಕೇಂದ್ರದ ಯಂತ್ರಗಳಿಗೆ ಒಡೆಯನಾಗಿ ಬಂದಿದ್ದ. ಊರೆಲ್ಲ ಅವನನ್ನು ಚಾಚಾ ಅನ್ನುತ್ತಿತ್ತು. ನಾನು ಏನೂ ಅನ್ನುತ್ತಿರಲಿಲ್ಲ. ಅವನು ನನ್ನನ್ನು ‘ಮಾಸ್ತರ’ ಎಂದು ಕರೆಯುವಾಗ ಆ ‘ರ’ಕಾರವನ್ನು ಒಂದಿಷ್ಟು ಎಳೆಯುತ್ತಿದ್ದ. ನನ್ನ ಕನ್ನಡ ಕೇಳಿದಂದಿನಿಂದ ತಮ್ಮ ಮನೆಯ ಎಮ್ಮೆ ಹಾಲು ಕಡಿಮೆ ಮಾಡಿದೆ ಎಂದು ಚಹಾದಂಗಡಿಯಲ್ಲಿ ಕುಳಿತು ಹೇಳುತ್ತಿದ್ದನಂತೆ. ಆ ಎಮ್ಮೆಯ ಬಗ್ಗೆಯೂ ನನಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ.

ಒಂದು ಬೇಸಿಗೆಯಲ್ಲಿ, ಆಕಾಶದಲ್ಲಿ ಮೋಡದ ಸುಳಿವೇ ಇಲ್ಲದ ದಿನ, ಅವನು ಆಡಳಿತ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಮಳೆಗಾಲದ ತಯಾರಿಯ ಮಾತು ತೆಗೆದ. ಎರಡು ದೊಡ್ಡ ಬ್ಯಾಟರಿ ಬೇಕೆಂದ. ಪ್ರತಿ ಸೋಮವಾರ, ಬಿಸಿಲಿದ್ದಾಗಲೇ, ಬೇಕೆಂದೇ ಕರೆಂಟು ತೆಗೆದು ಒಂದು ತಾಸು ಬ್ಯಾಟರಿಯ ಮೇಲೆ ಪ್ರಸಾರ ಮಾಡಿ ನೋಡಬೇಕೆಂದ. ಹಳ್ಳದ ಮೇಲ್ಗಡೆ ನಮ್ಮವನೊಬ್ಬ ಇರಬೇಕು. ಅವನು ಕೇಳಿದ್ದನ್ನು ಹೇಳಿದರೆ ಸಾಲದು, ಕಣ್ಣಿಂದ ಕಂಡದ್ದನ್ನು ಹೇಳಬೇಕು. ಅದಕ್ಕಾಗಿ ತಾನೇ ಹೋಗಿ ತಿಳವಳ್ಳಿ ಕಡೆಯ ಸೇತುವೆಯ ಕಾಲಿಗೆ ಕೆಂಪು ಪಟ್ಟಿ ಬಳಿದು, ಪಟ್ಟಿ ಮುಳುಗಿದ ಕೂಡಲೇ ಫೋನು ಮಾಡಲು ಪಕ್ಕದ ಹಿಟ್ಟಿನ ಗಿರಣಿಯವನನ್ನು ಒಪ್ಪಿಸಿ ಬಂದಿದ್ದ. ಇಷ್ಟಕ್ಕೆ ಸಮಿತಿ ತಲೆದೂಗಿತು. ಆಮೇಲೆ ಅವನು ನನ್ನ ಕಡೆ ತಿರುಗಿದ.

“ಭಾರೀ ಮಳಿ ಅನ್ನೂದ ಬಿಡ್ರಿ ಮಾಸ್ತರ. ಈ ಕಡೆ ಭಾರೀ ಅಂದ್ರ ಛಲೋ ಅಂತ. ಭಾರೀ ಮದುವಿ, ಭಾರೀ ಊಟ, ಭಾರೀ ಮಳಿ. ನೀವು ಹೆದರಸಾಕ ಓದ್ತೀರಿ, ಮಂದಿ ಖುಷಿ ಆಗ್ತಾರ.”

ನಾನು ಎದ್ದೆ. ‘ಭಾರ’ ಎಂಬ ಶಬ್ದದ ಹುಟ್ಟು, ಬೆಳವಣಿಗೆ, ಕುಲಗೋತ್ರಗಳನ್ನು ಸಭೆಯ ಮುಂದಿಟ್ಟೆ. ಸಮಿತಿಯವರು ಎರಡು ಸಲ ಚಹಾ ಕುಡಿದರು. ಕೊನೆಗೆ ಬ್ಯಾಟರಿ ತರತಕ್ಕದ್ದು, ಭಾಷೆಯ ಶುದ್ಧತೆಯನ್ನು ಕಾಪಾಡತಕ್ಕದ್ದು ಎಂದು ಠರಾವಾಯಿತು. ಠರಾವನ್ನು ದುಂಡಗಿನ ಅಕ್ಷರದಲ್ಲಿ ನಾನೇ ಬರೆದೆ. ಹೊರಗೆ ಚಪ್ಪಲಿ ಮೆಟ್ಟುತ್ತ ಅವನು ಕೇಳಿದ್ದು ಒಂದೇ ಮಾತು.

“ಹಳ್ಳಾ ಬಂದಾಗ ಶುದ್ಧ ಕನ್ನಡಾ ಹಿಡಕೊಂಡು ಈಜ್ತಾರೇನ್ರಿ?”

ಆ ಸಲ ಬಿತ್ತಿದ ಮೇಲೆ ಮಳೆ ಕೈಕೊಟ್ಟಿತು. ಗೋವಿನಜೋಳದ ಎಲೆಗಳು ಸುರುಳಿ ಸುತ್ತಿಕೊಂಡವು. ಜನ ಯೂರಿಯಾ ಚೀಲಗಳನ್ನು ಪಡಸಾಲೆಯಲ್ಲಿಟ್ಟುಕೊಂಡು ಮೋಡ ನೋಡುತ್ತಿದ್ದರು. ಮಳೆಗೆ ಮುಂಚೆ ಗೊಬ್ಬರ ಬಿದ್ದರೆ ಬೆಳೆ ಎದ್ದು ನಿಲ್ಲುತ್ತದೆ. ಇಂಥದೊಂದು ಮಧ್ಯಾಹ್ನ ಹವಾಮಾನ ಇಲಾಖೆಯ ಎಚ್ಚರಿಕೆ ಬಂತು. ನಾನು ಶಾಲು ಸರಿಪಡಿಸಿಕೊಂಡು, “ಜಿಲ್ಲೆಯಾದ್ಯಂತ ಭಾರೀ ಮಳೆಯಾಗುವ ಸಂಭವವಿದ್ದು, ನದೀಪಾತ್ರದ ಜನತೆ ಜಾಗರೂಕತೆಯಿಂದಿರತಕ್ಕದ್ದು” ಎಂದು ಓದಿದೆ. ಮಹಾಪ್ರಾಣಗಳೆಲ್ಲ ಸ್ವಸ್ಥಾನದಲ್ಲಿದ್ದವು. ಮೂರು ಸಲ ಓದಿದೆ.

ತಾಸಾದ ಮೇಲೆ ಫೋನು ಬಂತು. ಹಳ್ಳದ ದಂಡೆಯ ಕೇರಿಯ ಹೆಣ್ಣುಮಗಳು; ದಿನಾ ಹಾಡು ಕೇಳುವವಳು. ದನಿ ಅರಳಿತ್ತು.

“ಸರ, ನಿಮ್ಮ ಬಾಯಾಗ ಸಕ್ಕರಿ ಹಾಕ್ತೇನಿ. ಭಾರೀ ಮಳಿ ಐತಿ ಅಂದ್ರಲ್ಲ, ನಮ್ಮ ಮಂದಿ ಎಲ್ಲಾ ಗೊಬ್ಬರ ತಗೊಂಡು ಹಳ್ಳದ ಆಚಿ ಹೊಲಕ್ಕ ಹೋಗ್ಯಾರ. ನಮ್ಮವರು ಎತ್ತ ಹೊಡಕೊಂಡು ಹೋದ್ರು. ಒಂದು ಛಲೋ ಹಾಡ ಹಾಕ್ರಿ.”

ಹಾಡು ಹುಡುಕಲು ನಾನು ಕೈ ಚಾಚಿದ್ದೆ. ಇದನ್ನು ಯಾರಿಗೂ ಹೇಳಿಲ್ಲ, ಈಗ ಹೇಳುತ್ತಿದ್ದೇನೆ. ನನಗೆ ಏನೂ ಹೊಳೆದಿರಲಿಲ್ಲ... ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಅವನು ಬಂದ. ಕಿವಿಯಲ್ಲಿ ಇನ್ನೂ ಮೊಬೈಲು ಇತ್ತು. ಗಿರಣಿಯವ ಆ ಕಡೆಯಿಂದ ಕೆಂಪು ಪಟ್ಟಿ ಮುಳುಗಿತೆಂದು ಕೂಗುತ್ತಿದ್ದ. ಹೆಣ್ಣುಮಗಳ ಮಾತು ಅವನಿಗೂ ಕೇಳಿಸಿತ್ತು. ನನ್ನ ಕುರ್ಚಿಯನ್ನು ಮೊಣಕಾಲಿನಿಂದ ಆಚೆ ತಳ್ಳಿದ. ನನ್ನನ್ನೂ ಸೇರಿಸಿಯೇ ತಳ್ಳಿದ. ಆಮೇಲೆ ಮೈಕಿಗೆ ಬಾಯಿ ಹಚ್ಚಿದ.

“ಹಳ್ಳದ ಆಚಿ ಇದ್ದವರು ಕೇಳ್ರಿ. ಗೊಬ್ಬರದ ಚೀಲಾ ಅಲ್ಲೇ ಒಗದು ಈ ಕಡೆ ಬರ್ರಿ. ಇದು ಭಾರೀ ಮಳಿ ಅಲ್ಲ, ಹೊಲಸ ಮಳಿ. ಮ್ಯಾಲಿಂದ ನೀರು ಬರಾಕತ್ತೇತಿ. ಎತ್ತಿನ ಕೊಳ್ಳಾಗಿನ ಹಗ್ಗ ಬಿಚ್ಚಿ ಬಿಡ್ರಿ. ನಿಂತ ಕಾಲ ಮ್ಯಾಲ ಬರ್ರಿ.”

ನಮ್ಮಲ್ಲಿ ಆಗಿನ್ನೂ ಹನಿ ಬಿದ್ದಿರಲಿಲ್ಲ. ಸ್ವಲ್ಪ ಹೊತ್ತಿಗೆ ಗಾಳಿ ಎದ್ದು ಕರೆಂಟು ಹೋಯಿತು. ಬ್ಯಾಟರಿಗಳು ಗೊಣಗದೆ ಭಾರ ಹೊತ್ತವು. ಅವನು ಅದೇ ನಾಲ್ಕು ಮಾತನ್ನು ಎರಡು ತಾಸು ಹೇಳಿದ. ಕೊನೆಗೆ ಗಂಟಲು ಕಟ್ಟಿ ತಗಡು ಕೆರೆದಂತೆ ಕೇಳಿಸುತ್ತಿತ್ತು. ನಾನು ಮೊಟ್ಟೆಯ ಟ್ರೇಗಳಿಗೆ ಬೆನ್ನು ಹಚ್ಚಿ, ಶಾಲು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ.

ಹೊಲದಲ್ಲಿದ್ದವರು ಮೊಬೈಲುಗಳಲ್ಲಿ ನಮ್ಮ ಕೇಂದ್ರ ಹಚ್ಚಿಕೊಂಡಿದ್ದರು. ಮಂದಿ ಎಲ್ಲರೂ ಈ ಕಡೆ ಬಂದರು. ಹಾಡು ಕೇಳಿದವಳ ಗಂಡ ಕೊನೆಯವನಾಗಿ, ಎದೆಯುದ್ದದ ನೀರಿನಲ್ಲಿ ದಾಟಿದ. ಎತ್ತುಗಳು ದಾಟಲಿಲ್ಲ. ಮೂರನೆಯ ದಿನ ಅವಳು ಕೇಂದ್ರದ ಬಾಗಿಲಿಗೆ ಬಂದು ನಿಂತಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

“ನೀವ ಅಂದಿದ್ರೆಲ್ರಿ ಸರ, ಭಾರೀ ಅಂತ,” ಎಂದಷ್ಟೇ ಹೇಳಿ ಹೋದಳು.

ಇಷ್ಟಾದ ಮೇಲೆ ನಾನು ಮಾಡಿದ ಕೆಲಸ ಇದು: ಸಮಿತಿಗೆ ಎರಡು ಪುಟದ ತಕರಾರು ಅರ್ಜಿ ಬರೆದೆ. ಯಂತ್ರ ವಿಭಾಗದವನು ಅನುಮತಿಯಿಲ್ಲದೆ ಮೈಕು ಕಸಿದದ್ದು, ಹಿರಿಯ ವಾಚಕರನ್ನು ಕುರ್ಚಿಸಮೇತ ಸ್ಥಳಾಂತರಿಸಿದ್ದು, ‘ಹೊಲಸ’ ಎಂಬ ಶಬ್ದವನ್ನು ಪ್ರಸಾರ ಮಾಡಿದ್ದು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಸಮಿತಿ ಅವನಿಗೆ ಎಚ್ಚರಿಕೆ ಪತ್ರ ಕೊಟ್ಟಿತು. ಅವನು ಓದದೆಯೇ ಸಹಿ ಹಾಕಿ, ಅದೇ ಕಾಗದದಿಂದ ಬ್ಯಾಟರಿಯ ಮುಚ್ಚಳ ಒರೆಸಿದ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ನಿಂತಿತು. ಸೋಮವಾರಕ್ಕೊಮ್ಮೆ ಬಂದು ಬ್ಯಾಟರಿಗೆ ನೀರು ಹಾಕಿ, ‘ನೀರು ಹಾಕೇನಿ’ ಎಂದು ಚೀಟಿ ಬರೆದಿಟ್ಟು ಹೋಗುತ್ತಿದ್ದ. ನಾನು ಕೆಂಪು ಮಸಿಯಲ್ಲಿ ‘ಹಾಕಿದ್ದೇನೆ’ ಎಂದು ತಿದ್ದಿಡುತ್ತಿದ್ದೆ. ಮುಂದಿನ ವಾರ ಮತ್ತೆ ‘ಹಾಕೇನಿ’. ಹೀಗೆ ಎರಡು ಮಳೆಗಾಲ ನಡೆಯಿತು. ಒಂದು ಸೋಮವಾರ ಚೀಟಿ ಇರಲಿಲ್ಲ... ಎದೆನೋವಿನಿಂದ ಹೋಗಿಬಿಟ್ಟನೆಂದರು. ಸವಣೂರಿಗೆ ಮಣ್ಣಿಗೆ ಎಲ್ಲರೂ ಹೋದರು. ನನಗೆ ರೆಕಾರ್ಡಿಂಗ್ ಇದೆಯೆಂದು ಹೇಳಿದೆ. ಇರಲಿಲ್ಲ.

ಈಗ ಸೋಮವಾರ ಕರೆಂಟು ತೆಗೆಯುವವನು ನಾನೇ. ಗಿರಣಿಯವನಿಗೆ ಫೋನು ಹಚ್ಚಿ ಪಟ್ಟಿಯ ಬಣ್ಣ ಮಾಸಿಲ್ಲವಷ್ಟೇ ಎಂದು ಕೇಳುವವನೂ ನಾನೇ. ಎಚ್ಚರಿಕೆ ಬಂದರೆ ಮೈಕಿನ ಮುಂದೆ ಕುಳಿತು ‘ಹೊಲಸ ಮಳಿ’ ಅನ್ನುತ್ತೇನೆ. ಬಾಯಿಗೆ ಇನ್ನೂ ಹೊಂದಿಲ್ಲ. ಕೇಳಿದವರು ನಗುತ್ತಾರೆ, ನಕ್ಕು ದನ ಬಿಚ್ಚಿಕೊಂಡು ಈ ಕಡೆ ಬರುತ್ತಾರೆ. ಅವನು ಸರಿಯಿದ್ದ ಎಂಬುದಕ್ಕಾಗಿ ನಾನು ಅವನನ್ನು ಇಂದಿಗೂ ಕ್ಷಮಿಸಿಲ್ಲ.

ಮೊನ್ನೆ ಬಂಕಾಪುರಕ್ಕೆ ಹೋದದ್ದೂ ಅವನು ತರಿಸಿದ್ದ ಬ್ಯಾಟರಿಗಳು ಕೊನೆಗೂ ಸತ್ತವೆಂದು. ಅಂಗಡಿಯವ ಹೊಸದನ್ನು ಒರೆಸಿ ಮುಂದಿಟ್ಟ. “ಕಣ್ಣ ಮುಚ್ಚಿ ಒಯ್ಯಿರಿ ಸರ, ಮಾಲು ಭಾರೀ ಐತಿ,” ಎಂದ. ಎತ್ತಿ ನೋಡಿದೆ, ಸೊಂಟ ಕಳಕ್ಕೆಂದಿತು. ನನ್ನ ಅರ್ಥದಲ್ಲೂ ಭಾರೀ, ಆ ಮೈಕ್‌ಸೆಟ್ಟಿನವನ ಅರ್ಥದಲ್ಲೂ ಭಾರೀ. ಅದನ್ನು ಹೇಳಿ ಜಗಳ ತೆಗೆಯೋಣವೆಂದರೆ ಸವಣೂರಿನ ದಿಕ್ಕಿನಲ್ಲಿ ಈಗ ಯಾರೂ ಇರಲಿಲ್ಲ.