ಚೈನಿನ ಎಣ್ಣೆಯೂ ಬಿಳಿ ಪಂಚೆಯ ಪರೀಕ್ಷೆಯೂ

ನನಗೆ ಲೋಕದ ಸುದ್ದಿ ಬರುವುದು ಎಡಗಿವಿಯ ಮೂಲಕ. ಮದುವೆಯಾದ ವರ್ಷದಿಂದಲೂ ಹೆಂಡತಿ ಬೈಕಿನ ಹಿಂದಿನ ಸೀಟಿನಲ್ಲಿ ಎಡಕ್ಕೆ ಕಾಲು ಇಳಿಬಿಟ್ಟು ಕೂತು, ಆ ಕಿವಿಗೆ ವರದಿ ಒಪ್ಪಿಸುತ್ತ ಬಂದಿದ್ದಾಳೆ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮನೆಯ ಮೇಲೆ ಮೂರನೇ ಮಹಡಿ ಏಳುತ್ತಿದೆ, ಯಾರು ನಾಯಿ ತಂದರು, ಯಾರು ಅದನ್ನು ವಾಪಸು ಕೊಟ್ಟರು. ಮನೆಯಲ್ಲಿ ಇವನ್ನೆಲ್ಲ ಹೇಳುವುದಿಲ್ಲ. ಅಲ್ಲಿ ಕುಕ್ಕರು ಕೂಗುತ್ತಿರುತ್ತದೆ. ಬೈಕು ಹೊರಟರೆ ಮಾತು ಹೊರಟಿತು. ಹೆಲ್ಮೆಟ್ಟು ಕಡ್ಡಾಯವಾದ ಮೇಲೆ ದನಿಯನ್ನು ತುಸು ಏರಿಸಿದಳೇ ಹೊರತು ವಿಷಯ ಕಡಿಮೆ ಮಾಡಲಿಲ್ಲ.

ಇಂಥ ವ್ಯವಸ್ಥೆ ಹೋದ ವರ್ಷ ಒಂದೇ ದಿನದಲ್ಲಿ ಕುಸಿದುಬಿತ್ತು. ಬಸವೇಶ್ವರನಗರದಲ್ಲಿ ಒಂದು ನಾಮಕರಣ. ಹೆಂಡತಿ ಗಂಧದ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು. ಊಟಕ್ಕೆ ಕೂರುವ ಹೊತ್ತಿಗೆ ಮಗುವಿನ ಅಜ್ಜಿ ಬಗ್ಗಿ ನೋಡಿ, "ಏನಮ್ಮಾ, ಅಂಚಿನಲ್ಲಿ ಹೊಸ ಡಿಸೈನಾ?" ಎಂದರು. ಅಂಚಿನಲ್ಲಿ ಏಳು ಕಪ್ಪು ಚುಕ್ಕೆಗಳಿದ್ದವು. ನನ್ನ ಬೈಕಿನ ಚೈನು ದಾರಿಯುದ್ದಕ್ಕೂ ಅವನ್ನು ಒಂದೊಂದಾಗಿ ಇಟ್ಟುಕೊಂಡು ಬಂದಿತ್ತು.

ಹೆಂಡತಿ ಕೂಗಾಡಲಿಲ್ಲ. ಹೋಳಿಗೆ ಮುಗಿಸಿ, ಕೈ ತೊಳೆದು ಹೇಳಿದಳು: "ಇನ್ಮೇಲೆ ನೀವು ಬೈಕಲ್ಲಿ ಬನ್ನಿ. ನಾನು ಮೆಟ್ರೋದಲ್ಲಿ ಬರ್ತೀನಿ."

ಅಂದಿನಿಂದ ಆಕೆ ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತುವುದು, ನಾನು ಬೈಕಿನಲ್ಲಿ ಒಬ್ಬನೇ ಹೋಗುವುದು, ಇಬ್ಬರೂ ಛತ್ರದ ಬಾಗಿಲಲ್ಲಿ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಸಂಧಿಸುವ ಹಾಗೆ ಎದುರಾಗುವುದು. ಎದುರು ಮನೆಯವರು ಮನೆ ಮಾರಿದ್ದು ನನಗೆ ಗೊತ್ತಾದದ್ದು ಅವರ ಸಾಮಾನು ಲಾರಿಗೆ ಏರಿದಾಗ. ಎಡಗಿವಿ ಅಕ್ಷರಶಃ ನಿರುದ್ಯೋಗಿಯಾಗಿತ್ತು. ಆಕೆಯನ್ನು ಆ ಸೀಟಿಗೆ ವಾಪಸು ಕರೆತರದಿದ್ದರೆ ಉಳಿದ ಆಯುಸ್ಸನ್ನು ನಾನು ಅಜ್ಞಾನದಲ್ಲೇ ಕಳೆಯಬೇಕಿತ್ತು.

ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ತಿರುವಿದವನು ನಾನು. ವಿಚಾರಣೆಯಿಲ್ಲದೆ ಯಾರನ್ನೂ ಶಿಕ್ಷಿಸುವವನಲ್ಲ. ಸ್ಥಳ ಪರಿಶೀಲನೆಯಲ್ಲಿ ಕಂಡದ್ದು ಇಷ್ಟು: ಸೀರೆಯುಟ್ಟವರು ಕೂರುವುದೂ ಎಡಕ್ಕೆ, ಚೈನು ಇರುವುದೂ ಎಡಕ್ಕೆ, ಅದರ ಮೇಲಿನ ಕವರು ಮಾತ್ರ ಅರ್ಧ. ಆ ಚೈನಿಗೆ ನಾನು ಹಾಕುತ್ತಿದ್ದದ್ದು ಮೆಕ್ಯಾನಿಕ್ಕು ಡಬ್ಬಿಯಲ್ಲಿ ತುಂಬಿಕೊಡುತ್ತಿದ್ದ ಹಳೆಯ ಎಂಜಿನ್ ಆಯಿಲ್. ಅದು ನೀರಿನಂತೆ ಹರಿದು, ಚಕ್ರ ತಿರುಗಿದೊಡನೆ ಹಾರುತ್ತಿತ್ತು. ಅದನ್ನು ವಜಾ ಮಾಡಿ ಗ್ರೀಸು ಮೆತ್ತಿದೆ. ಗ್ರೀಸು ಹಾರಲಿಲ್ಲ, ನಿಜ. ಆದರೆ ಮಾಗಡಿ ರಸ್ತೆಯ ಧೂಳನ್ನೆಲ್ಲ ಕರೆದು ಮನೆ ಮಾಡಿಕೊಟ್ಟಿತು. ವಾರದಲ್ಲಿ ಚೈನು ರುಬ್ಬುವ ಕಲ್ಲಿನಂತೆ ಗೊರಗೊರ ಎನ್ನತೊಡಗಿತು.

ಇದರ ನಡುವೆ ಹೆಂಡತಿ ಬಾಲ್ಕನಿಯಲ್ಲಿ ನಿಂತು ತನ್ನ ತಂಗಿಗೆ ಫೋನಿನಲ್ಲಿ ದೊಡ್ಡ ದನಿಯಲ್ಲಿ ಹೇಳಿದ್ದನ್ನು ಮೇಲಿನ ಮನೆಯವರು ಕೇಳಿಸಿಕೊಂಡಿದ್ದರು: "ಪ್ರತಿ ಭಾನುವಾರ ಎಣ್ಣೆ ಕಣೇ. ಹಾಕೋದು ಗೊತ್ತು, ಲಿಮಿಟ್ ಗೊತ್ತಿಲ್ಲ. ಗೇಟ್ ಮುಂದೆ ಎಲ್ಲಾ ಗಲೀಜು, ನಾನೇ ತೊಳೀಬೇಕು."

ಮರುದಿನ ಅವರು ನನ್ನನ್ನು ಮೆಟ್ಟಿಲ ಬಳಿ ತಡೆದು, ಹೆಗಲ ಮೇಲೆ ಕೈಯಿಟ್ಟರು. "ಸಾರ್, ತಪ್ಪು ತಿಳ್ಕೋಬೇಡಿ. ನಮ್ಮ ಷಡ್ಡಕರೂ ಹೀಗೇ ಇದ್ರು. ಮನಸ್ಸು ಮಾಡಿ ಬಿಟ್ಟುಬಿಟ್ರು. ಈಗ ಆರಾಮಾಗಿದಾರೆ."

"ಪೂರ್ತಿ ಬಿಟ್ರೆ ತುಕ್ಕು ಹಿಡಿಯುತ್ತಲ್ಲ ಸಾರ್," ಎಂದೆ.

ಅವರು ತಲೆಯಾಡಿಸಿ ಮೇಲೆ ಹೋದರು. ಆ ಮನುಷ್ಯನಿಗೆ ಯಂತ್ರಜ್ಞಾನ ಸಾಲದು ಎಂದುಕೊಂಡೆ.

ಕೊನೆಗೆ ವಿಜಯನಗರದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಅಂಗಡಿಯವರು ನನ್ನ ಕಥೆಯನ್ನೆಲ್ಲ ಡಾಕ್ಟರಂತೆ ಕೇಳಿ, ಚೈನಿಗೆಂದೇ ಬರುವ ಒಂದು ಸ್ಪ್ರೇ ಡಬ್ಬಿ ಮುಂದಿಟ್ಟರು. "ಇದು ಬರುವಾಗ ತೆಳ್ಳಗೆ ಬರುತ್ತೆ, ಸಂದಿಗೆ ಇಳಿದ ಮೇಲೆ ಗಟ್ಟಿಯಾಗಿ ಹಿಡ್ಕೊಳುತ್ತೆ. ಆದ್ರೆ ಒಂದ್ ಮಾತು ಸಾರ್. ಎಷ್ಟು ಹೊಡೀತೀರಾ?"

"ಹೊಳೆಯೋವರೆಗೂ."

"ಅಲ್ಲೇ ಎಡವಿದ್ರಿ ನೋಡಿ. ಹೊಳೀತಾ ಇದೆ ಅಂದ್ರೆ ಅಷ್ಟೂ ಹಾರೋಕೆ ರೆಡಿಯಾಗಿದೆ ಅಂತ."

ಮನೆಗೆ ಬಂದು ಡಬ್ಬಿ ಅಲ್ಲಾಡಿಸುತ್ತಿದ್ದಾಗ, ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಹಗ್ಗದ ಆಚೆಯಿಂದಲೇ ಉಳಿದ ಶಾಸ್ತ್ರವನ್ನು ಒಂದೇ ಉಸಿರಿನಲ್ಲಿ ಮುಗಿಸಿದಳು: "ಹಬ್ಬದ ದಿನ ತಲೆಗೆ ಎಣ್ಣೆ ಒತ್ತಿಸ್ಕೊಂಡು ಹಾಗೇ ಸೋರಿಸ್ಕೊಂಡು ಆಫೀಸಿಗೆ ಹೋಗ್ತಿದ್ರೇನ್ರೀ? ನೆನೆಯೋಕೆ ಬಿಡ್ಬೇಕು, ಆಮೇಲೆ ತೆಗೀಬೇಕು. ಚೈನಿಗೆ ಬೇರೆ ನ್ಯಾಯಾನಾ?"

ಹೀಗೆ ಒಂದು ಶನಿವಾರ ಮಧ್ಯಾಹ್ನ ನನ್ನ ಚೈನಿಗೆ ವಿಧ್ಯುಕ್ತವಾಗಿ ಅಭ್ಯಂಜನವಾಯಿತು. ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಸೇರಿಸಿದೆ. ಬೆರಳುಗಳ ಮೇಲೆ ನನಗೆ ಪ್ರೀತಿಯಿದೆ. ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಟೂತ್ ಬ್ರಷ್ಷಿನಿಂದ ಚೈನಿನ ಕೊಳೆ ತಿಕ್ಕಿ, ಬಟ್ಟೆಯಲ್ಲಿ ಒರೆಸಿ ಒಣಗಲು ಬಿಟ್ಟೆ. ಟೈರಿಗೆ ಹನಿ ಬಿದ್ದರೆ ಬೈಕು ಜಾರಿ ಸೀರೆಗಿಂತ ದೊಡ್ಡ ಪ್ರಕರಣವಾಗುತ್ತದೆ. ಅದಕ್ಕೇ ಚೈನಿನ ಹಿಂದೆ ಮಿಕ್ಸಿಯ ರಟ್ಟಿನ ಡಬ್ಬಿಯ ಒಂದು ಹಾಳೆ ಅಡ್ಡ ಹಿಡಿದೆ, ನೆಲಕ್ಕೆ ಹಳೆಯ ಪೇಪರು ಹಾಸಿದೆ. ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತ, ಕೆಳಗೆ ಹಾದುಹೋಗುವ ಚೈನಿನ ಒಳಮೈಗೆ ಒಂದೇ ಒಂದು ಸುತ್ತು ಸ್ಪ್ರೇ. ಇನ್ನೊಂದು ಸುತ್ತಿಗೆ ಬೆರಳು ತುರಿಸಿತು. ತಡೆದೆ.

ಭಾನುವಾರ ಬೆಳಿಗ್ಗೆ ಹಳೆಯ ಬನಿಯನ್ನಿನಿಂದ ಹೊರಮೈ ಒರೆಸಿದೆ. ಹಾಕಿದ್ದನ್ನೇ ಒರೆಸುವುದು ನನ್ನಂಥವನಿಗೆ ಸುಲಭವಲ್ಲ. ಆದರೆ ಬೇಕಾದ್ದು ಕೊಂಡಿಗಳ ಸಂದಿಯಲ್ಲಿ ಕೂತಿರುತ್ತದೆ. ಹೊರಗೆ ಉಳಿದದ್ದು ಸೀರೆಯ ಪಾಲು.

"ಈಗ ಕೂತ್ಕೋಬಹುದು," ಎಂದು ಹೆಂಡತಿಗೆ ಸಾರಿದೆ.

"ನನ್ನ ಸೀರೆ ಮೇಲೆ ಪ್ರಯೋಗ ಬೇಡ. ನಿಮ್ಮ ಬಿಳಿ ಪಂಚೆ ಉಟ್ಕೊಂಡು ನೀವೇ ಹಿಂದೆ ಕೂತ್ಕೊಳ್ಳಿ. ಒಂದೇ ಕಡೆಗೆ ಕಾಲು ಹಾಕಿ. ಮಗಳು ಓಡಿಸ್ತಾಳೆ."

ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಮಗಳು ಆಗಲೇ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದಳು. ಸಂಚು ಮೊದಲೇ ನಡೆದಿತ್ತು.

ನಮ್ಮ ಮನೆಯಿರುವ ಆರ್‌ಪಿಸಿ ಲೇಔಟಿನಿಂದ ಶ್ರೀಗಂಧದ ಕಾವಲ್‌ವರೆಗೆ ಹೋಗಿ ಬರುವುದೆಂದು ತೀರ್ಮಾನವಾಯಿತು. ಹಾಗೆ ಕೂತಾಗಲೇ ತಿಳಿದದ್ದು, ಅದು ಸೀಟಲ್ಲ, ತಪಸ್ಸು ಎಂದು. ಪ್ರತಿ ಹಂಪಿನಲ್ಲೂ ನಾನು ಮಗಳ ಹೆಗಲನ್ನು ಹಿಡಿದು ದೇವರನ್ನು ನೆನೆದೆ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಇಬ್ಬರು ಹುಡುಗರಲ್ಲಿ ಒಬ್ಬ ಇನ್ನೊಬ್ಬನಿಗೆ, "ಮಗಾ, ಮದುಮಗನ್ನ ನೋಡೋ!" ಎಂದ. ಇನ್ನೊಬ್ಬ ನನ್ನತ್ತ ಬಗ್ಗಿ, "ಹಾರ ಎಲ್ಲಿ ಅಂಕಲ್?" ಎಂದು ವಿಚಾರಿಸಿದ. "ಬರ್ತಾ ಇದೆ," ಎಂದೆ.

ಸಿಗ್ನಲ್ಲು ದಾಟಿದ ಮೇಲೆ ಒಂದು ವಿಚಿತ್ರ ನಡೆಯಿತು. ಬೈಕು ಓಡಿಸುವವನಿಗೆ ಕಾಣುವುದು ಮುಂದಿನ ಗಾಡಿಯ ನಂಬರ್ ಪ್ಲೇಟು ಮಾತ್ರ. ಪಕ್ಕಕ್ಕೆ ಕೂತವರ ಮುಂದೆ ಸಾಲು ಸಾಲು ಗೇಟುಗಳು ಮೆರವಣಿಗೆ ಹೋಗುತ್ತವೆ. "ನೋಡೇ, ಆ ಮನೆಗೆ ಹಸಿರು ಬಣ್ಣ ಹೊಡೆಸಿದಾರೆ. ಅಲ್ಲಿ ಬೇಕರಿ ಇತ್ತಲ್ಲ, ಈಗ ಹಲ್ಲಿನ ಕ್ಲಿನಿಕ್ಕು. ಆ ಚಪ್ಪರ ಯಾರ ಮದುವೆದೋ!"

"ಅಪ್ಪಾ," ಎಂದಳು ಮಗಳು, "ಥೇಟ್ ಅಮ್ಮನ ಥರ ಶುರು ಮಾಡ್ಬಿಟ್ಟೆ. ಎಡಗಿವಿ ಬಿಡು ಸ್ವಲ್ಪ."

ಗೇಟಿನ ಮುಂದೆ ಮೇಲಿನ ಮನೆಯವರು ಹಾಲಿನ ಪ್ಯಾಕೆಟ್ಟು ಹಿಡಿದು ನಿಂತಿದ್ದರು. ಕಾಲು ಜೋಮು ಹಿಡಿದಿದ್ದರಿಂದ ನಾನು ಇಳಿಯುವಾಗ ವಾಲಿದೆ. ಮಗಳು ರೆಟ್ಟೆ ಹಿಡಿದಳು. ಅವರ ಮುಖ ಬಾಡಿತು.

"ಬೆಳಿಗ್ಗೆ ಬೆಳಿಗ್ಗೇನೇ ಎಣ್ಣೇನಾ ಸಾರ್?"

ಆಗ ನನಗೆ ಹೊಳೆಯಿತು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಗೇಟಿಗೆ ಬಂದು, "ಅಯ್ಯೋ, ಅದು ಚೈನಿಗೆ ಹಾಕೋ ಎಣ್ಣೆ ಸಾರ್! ಇವ್ರಿಗೆ ಕಾಫಿಗೇ ಎದೆ ಉರಿಯುತ್ತೆ," ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವರು ಹಾಲಿನ ಪ್ಯಾಕೆಟ್ಟನ್ನು ಎದೆಗೆ ಅವುಚಿಕೊಂಡು ನಕ್ಕರು. ಸುಮಾರು ದಿನಗಳ ಮೇಲೆ ಗೇಟಿನ ಬಳಿ ಅಷ್ಟು ಗದ್ದಲವಾಗಿತ್ತು.

ಆಮೇಲೆ ತೀರ್ಪು. ಹೆಂಡತಿ ಕನ್ನಡಕ ಹಾಕಿಕೊಂಡು ಪಂಚೆಯ ಅಂಚನ್ನು ಬೆಳಕಿಗೆ ಹಿಡಿದು ಅಂಗುಲ ಅಂಗುಲ ನೋಡಿದಳು. ಒಂದು ಕಡೆ ಬೆರಳು ನಿಂತಿತು. ನಾನೂ ಬಗ್ಗಿ ನೋಡಿದೆ.

"ಇದು ಹಳದಿ," ಎಂದಳು. "ಹೋದ ವಾರದ ಹುಳಿ. ಚೈನ್ದು ಏನೂ ಇಲ್ಲ."

ಮುಂದಿನ ವಾರ ಕೆಂಗೇರಿಯಲ್ಲಿ ಗೃಹಪ್ರವೇಶವಿತ್ತು. ಅದೇ ಗಂಧದ ಬಣ್ಣದ ಸೀರೆ, ಡ್ರೈಕ್ಲೀನಿಂಗಿನಿಂದ ಬಂದದ್ದು, ಉಟ್ಟು ಬಂದು, ಸೆರಗು ಸಿಕ್ಕಿಸಿ, ಎಡಕ್ಕೆ ಕಾಲು ಇಳಿಬಿಟ್ಟು ಕೂತಳು. ಬೀದಿಯ ತಿರುವು ದಾಟಿದೆವು. ಆಮೇಲೆ ಎಡಗಿವಿಯ ಹತ್ತಿರ ದನಿ ಏರಿತು: "ರೀ, ಎದುರು ಮನೆ ತಗೊಂಡಿರೋರು ಯಾರು ಗೊತ್ತಾ?"

ಗೊತ್ತಿಲ್ಲ ಎಂದೆ. ಒಂದು ವರ್ಷದ ಬಾಕಿಯಿತ್ತು. ಹಂಪುಗಳನ್ನು ಮೆಲ್ಲಗೆ ದಾಟಿಸುತ್ತ, ಸಾಧ್ಯವಿದ್ದ ಕಡೆಯೆಲ್ಲ ಸುತ್ತು ದಾರಿ ಹಿಡಿದೆ. ಆದರೂ ನಾಯಿ ತಂದವರ ವಿಷಯಕ್ಕೆ ಬರುವ ಹೊತ್ತಿಗೆ ಕೆಂಗೇರಿ ಬಂದುಬಿಟ್ಟಿತು. ಅದು ಇಷ್ಟು ಹತ್ತಿರ ಎಂದು ನನಗೆ ಗೊತ್ತೇ ಇರಲಿಲ್ಲ.