ಪ್ರಾಂಶುಪಾಲರ ಗಡಿಯಾರ ಮತ್ತು ನನ್ನ ಕರಿ ಪುಡಿ

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಧಾರವಾಡದ ಪ್ರಾಧ್ಯಾಪಕರೊಬ್ಬರ ಕೈಕೆಳಗೆ ಎಂ.ಫಿಲ್. ಮಾಡುತ್ತಿದ್ದೆ. ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳನ್ನು ತಯಾರಿಸಿ, ಅಯಸ್ಕಾಂತದ ಮುಂದೆ ಅವು ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡುವುದು ನನ್ನ ವಿಷಯ. 'ನ್ಯಾನೊ' ಎಂಬ ಮಾತು ನಮ್ಮ ಕಡೆಗೆ ಇನ್ನೂ ಬಸ್ಸು ಹತ್ತಿರಲಿಲ್ಲ. ಅತ್ತೆಯವರು ಬೀಗರಿಗೆ ನನ್ನ ಸಂಶೋಧನೆಯನ್ನು ಒಂದೇ ಮಾತಿನಲ್ಲಿ ತಿಳಿಸಿಬಿಡುತ್ತಿದ್ದರು: "ನಮ್ಮ ಸೊಸಿ ಜಂಗು ಮಾಡಾಕತ್ತಾಳ್ರಿ." ಜಂಗು ಅಂದರೆ ನಮ್ಮ ಕಡೆ ಕಬ್ಬಿಣದ ತುಕ್ಕು.

ಅದಕ್ಕೆ ಕಬ್ಬಿಣದ ಎರಡು ಲವಣಗಳು ಬೇಕು. ಒಂದು ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ನಮ್ಮ ಪ್ರಯೋಗಾಲಯದಲ್ಲೇ ಇತ್ತು. ಇನ್ನೊಂದಾದ ಫೆರಿಕ್ ಕ್ಲೋರೈಡ್ ಸಿಕ್ಕಿದ್ದು ನಿಪ್ಪಾಣಿಯಲ್ಲಿ, ರೇಡಿಯೊ ರಿಪೇರಿ ಮಾಡುವ ಚಾಚಾನ ಅಂಗಡಿಯಲ್ಲಿ. ಸರ್ಕೀಟ್ ಹಲಗೆಯ ತಾಮ್ರ ಕರಗಿಸಲು ಅವರು ಅದನ್ನು ಇಟ್ಟುಕೊಂಡಿದ್ದರು. ಜೊತೆಗೆ ಒಡೆದ ಸ್ಪೀಕರಿನಿಂದ ಅಂಗೈಯಗಲದ ಅಯಸ್ಕಾಂತವನ್ನೂ ಕಿತ್ತುಕೊಟ್ಟರು.

ಎರಡೂ ಲವಣಗಳನ್ನು ನೀರಲ್ಲಿ ಕರಗಿಸಿ, ತಿರುವುತ್ತ ಅಮೋನಿಯಾ ಹನಿಸಿದರೆ ಕರಿ ಪುಡಿ ತಳಕ್ಕಿಳಿಯಬೇಕು. ನನಗೆ ಇಳಿದದ್ದು ಕೆಮ್ಮಣ್ಣಿನಂಥದ್ದು. ಪ್ರಯೋಗಾಲಯದ ಸಹಾಯಕರು ಯಡೂರಿನವರು, ನಿವೃತ್ತಿಗೆ ಹತ್ತಿರವಾದವರು, ಬೆಲ್ಲದ ಗಾಣದಲ್ಲಿ ಪಳಗಿದ ಕೈ. ಟವೆಲ್ಲಿನಿಂದ ಮೂಗು ಮುಚ್ಚಿಕೊಂಡೇ ತೀರ್ಪು ಕೊಟ್ಟರು:

"ಪಾಕ ಕೆಟ್ಟೈತ್ರಿ ಬಾಯಾರ. ಮೊದಲ ನೀರು ಕುದಸ್ರಿ. ಹಸಿ ನೀರಾಗ ಏನೂ ಚಲೋ ಆಗಂಗಿಲ್ಲ."

ನಕ್ಕೆ. ಆಮೇಲೆ ನಾಚಿಕೆಯಾಯಿತು. ನೀರಲ್ಲಿ ಕರಗಿದ ಆಮ್ಲಜನಕವೇ ನನ್ನ ಪುಡಿಯನ್ನು ಕೆಡಿಸುತ್ತಿತ್ತು. ಕುದಿಸಿದರೆ ಅದು ಹೊರಟುಹೋಗುತ್ತದೆ. ಪುಸ್ತಕದಲ್ಲಿ ಅದೇ ಸಾಲನ್ನು ನಾನು ಹಾರಿಸಿ ಓದಿದ್ದೆ. ಮರುದಿನ ನೀರು ಕುದಿಸಿ, ಮುಚ್ಚಿ ಆರಿಸಿ ಮಾಡಿದೆ. ಮೊದಲ ಹನಿಗಳಿಗೇ ದ್ರಾವಣ ಕಾಡಿಗೆಯಂತೆ ಕಪ್ಪಾಯಿತು. ಅಯಸ್ಕಾಂತವನ್ನು ಬೀಕರಿನ ಪಕ್ಕಕ್ಕೆ ತಂದದ್ದೇ ತಡ, ಕಪ್ಪೆಲ್ಲ ಒಂದೇ ಬದಿಗೆ ಓಡಿ ಗೋಡೆಗೆ ಅಂಟಿತು, ಉಳಿದದ್ದು ತಿಳಿನೀರು.

ಆ ಪುಡಿಯಲ್ಲಿ ಒಂದಿಷ್ಟನ್ನು ಒಣಗಿಸಿ ಅಳತೆಗೆ ಧಾರವಾಡಕ್ಕೆ ಕಳಿಸಿದೆ. ತಿಂಗಳ ಮೇಲೆ ಸುದ್ದಿ ಕೇಳಿ ಪ್ರಾಂಶುಪಾಲರೇ ನೋಡಲು ಬಂದರು. ಗಂಭೀರ ಮನುಷ್ಯರು, ಅವರು ನಕ್ಕದ್ದನ್ನು ಕಂಡವರು ಕಾಲೇಜಿನಲ್ಲಿ ಯಾರೂ ಇರಲಿಲ್ಲ. "ಇಲ್ಲಿ ಕೊಡ್ರಿ" ಎಂದು ಅಯಸ್ಕಾಂತ ಇಸಿದುಕೊಂಡು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿದರು. ಕಪ್ಪು ಮೋಡ ಹಿಂದೆ ಹಿಂದೆಯೇ ಓಡಿತು. "ಭಾರೀ ಐತಲ್ರಿ!" ಎಂದು ಅರ್ಧ ತಾಸು ಆಡಿದರು. ಕೈಯಲ್ಲಿದ್ದ ಕೀಲಿ ಕೊಡುವ ಗಡಿಯಾರದ ನೆನಪು ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ.

ನಮ್ಮ ಕಾಲೇಜಿನ ಗಂಟೆ ಬಾರಿಸುತ್ತಿದ್ದುದು ಅವರ ಗಡಿಯಾರ ನೋಡಿಯೇ. ಒಳಗಿನ ಉಕ್ಕಿನ ಸುರುಳಿಗೆ ಅಯಸ್ಕಾಂತತ್ವ ಹತ್ತಿ ಅದು ಹೊತ್ತಿಗಿಂತ ಮುಂದೆ ಓಡತೊಡಗಿತು. ಆ ಸಂಜೆ ಕೊನೆಯ ಗಂಟೆ ಎಷ್ಟೋ ಮೊದಲೇ ಹೊಡೆಯಿತು. ಕಾಗವಾಡದ ಹುಡುಗಿಯರು ಎಂದೂ ಸಿಗದ ಬಸ್ಸು ಹಿಡಿದು ಮನೆಗೆ ಹೋದರು. ಮರುದಿನ ಪ್ರಾಂಶುಪಾಲರು ಗಡಿಯಾರ ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು.

"ನಿಮ್ಮ ಪುಡಿ ಮಾಡಿದ ಕೆಲಸ. ನೀವ ರಿಪೇರಿ ಮಾಡಿಸ್ರಿ."

"ಪುಡಿ ಅಲ್ರಿ ಸರ್, ಮ್ಯಾಗ್ನೆಟ್ಟು," ಎಂದೆ. ಕೇಳಿಸಿಕೊಳ್ಳಲಿಲ್ಲ.

ಅದೇ ವಾರ ಧಾರವಾಡದಿಂದ ಲಕೋಟೆ ಬಂತು. ಅಳತೆಗೆ ಕಳಿಸಿದ್ದ ನನ್ನ ಪುಡಿಯ ಗ್ರಾಫ್. ಅಯಸ್ಕಾಂತೀಯ ವಸ್ತುವಿಗೆ ಅಗಲವಾದ ಕುಣಿಕೆಯಂಥ ಗೆರೆ ಬರಬೇಕೆಂದು ನಾನು ಕಾದಿದ್ದೆ. ಇಲ್ಲಿದ್ದದ್ದು ಒಂದೇ ಬಡಕಲು ಗೆರೆ. ಹೊರಗಿನ ಅಯಸ್ಕಾಂತ ಕ್ಷೇತ್ರ ಸೊನ್ನೆಯಾದೊಡನೆ ಪುಡಿಯ ಅಯಸ್ಕಾಂತತ್ವವೂ ಸೊನ್ನೆ. ಎರಡು ವರ್ಷದ ದುಡಿತ ನೀರಲ್ಲಿ ಹೋಯಿತೆಂದು ಗ್ರಾಫನ್ನೂ ಗಡಿಯಾರವನ್ನೂ ಚೀಲಕ್ಕೆ ಹಾಕಿಕೊಂಡು ನಿಪ್ಪಾಣಿ ಬಸ್ಸು ಹತ್ತಿದೆ.

ಟೇಪ್‌ರೆಕಾರ್ಡರಿನ ಹೆಡ್ಡಿಗೆ ಹತ್ತಿದ ಅಯಸ್ಕಾಂತತ್ವ ಕಳೆಯುವ ಸುರುಳಿಯನ್ನು ಚಾಚಾ ಗಡಿಯಾರದ ಮೇಲೆ ಮೆಲ್ಲಗೆ ಆಡಿಸಿ ದೂರ ಸರಿಸಿದರು. ಅದು ನೆಟ್ಟಗಾಯಿತು. ನನ್ನ ಮೋರೆ ನೋಡಿ ಕಾರಣ ಕೇಳಿದರು, ಹೇಳಿದೆ. ಅವರು ಒಂದು ಕ್ಯಾಸೆಟ್ಟಿನ ಕಂದು ಪಟ್ಟಿ ಎಳೆದು ತೋರಿಸಿದರು.

"ಇದಕ್ಕೂ ಹಚ್ಚಿದ್ದು ಕಬ್ಬಿಣದ ಜಂಗಿನ ಪುಡೀನ ಅಲ್ಲೇನ್ರಿ? ಇದು ಹಾಡು ನೆನಪ ಇಡತೈತಿ. ನಿಮ್ಮದ್ಯಾಕ ಮರೀತೈತಿ?"

"ಅದರ ಕಣ ದೊಡ್ಡವು ಚಾಚಾ. ನನ್ನವು ಭಾಳ ಸಣ್ಣ..." ಎನ್ನುತ್ತ ಬಾಯಿ ಅಲ್ಲೇ ನಿಂತಿತು.

ಕಣ ಅಷ್ಟು ಸಣ್ಣದಾದರೆ ಕೋಣೆಯ ಬಿಸಿಯೇ ಅದರ ದಿಕ್ಕನ್ನು ಕ್ಷಣಕ್ಷಣಕ್ಕೂ ತಿರುಗಿಸಿಬಿಡುತ್ತದೆ. ಹಾಗಾಗಿ ಅಯಸ್ಕಾಂತ ದೂರವಾದೊಡನೆ ಅದು ಎಲ್ಲ ಮರೆಯುತ್ತದೆ. ನಾನು ಮಾಡಹೊರಟದ್ದೇ ಅಂಥ ಕಣ! ಚಾಚಾ ಚಹಾ ತರಿಸಿದರು. ಖುಷಿಯಲ್ಲಿ ನಾನು ಅರ್ಧವನ್ನು ಕಪ್ಪಿನ ಕೆಳಗಿನ ಬಸಿಗೇ ಚೆಲ್ಲಿದೆ.

ಮನೆಗೆ ಬಂದು ಧಾರವಾಡದ ಪ್ರಾಧ್ಯಾಪಕರಿಗೆ ನಾಲ್ಕು ಪುಟದ ಪತ್ರ ಬರೆದೆ. ಉತ್ತರ ಒಂದೇ ಸಾಲು: "ಅಭಿನಂದನೆಯನ್ನು ಗ್ರಾಫಿನ ಹಿಂದೆಯೇ ಬರೆದಿದ್ದೆನಲ್ಲ, ಹಾಳೆ ತಿರುವಿ ನೋಡಲಿಲ್ಲವೇ?"

ತಿರುವಿದೆ. ಇತ್ತು. ನೀಲಿ ಶಾಯಿಯಲ್ಲಿ, ದೊಡ್ಡ ಅಕ್ಷರಗಳಲ್ಲಿ.

ಮುಂದಿನ ಬೇಸಿಗೆಗೆ ಎಂ.ಫಿಲ್. ಬಂತು. ಅತ್ತೆಯವರು ಓಣಿಗೆಲ್ಲ ಪೇಢೆ ಹಂಚಿದರು. ಯಾಕೆಂದು ಕೇಳಿದವರಿಗೆ ಹೇಳಿದರಂತೆ: "ಜಂಗು ಪಾಸಾತ್ರಿ."